ನಿಸರ್ಗದ ನಿಯಮಗಳು ಹೀಗೇ ಏಕೆ? ವಿಶ್ವವಿಜ್ಞಾನದ ಉತ್ತರ ಎಲ್ಲಿಯವರೆಗೆ?

ಅಮೆರಿಕದ ಅರಿಜೋನಾದಲ್ಲಿ, ಕಿಟ್ ಪೀಕ್ ಬೆಟ್ಟದ ಮೇಲೊಂದು ಟೆಲಿಸ್ಕೋಪ್ ಇದೆ. ಅದಕ್ಕೆ ಜೋಡಿಸಿದ ಉಪಕರಣದಲ್ಲಿ 5000 ಪುಟ್ಟ ರೋಬಾಟ್‌ಗಳು ಕುಳಿತಿವೆ. ಒಂದೊಂದು ರೋಬಾಟೂ ಕೂದಲೆಳೆಯಂಥ ಗಾಜಿನ ತಂತುವನ್ನು ಯಾವುದೋ ಒಂದು ಗೆಲಾಕ್ಸಿಯ ಬೆಳಕು ಬೀಳುವ ಜಾಗಕ್ಕೆ ಸರಿಸಿ ಹಿಡಿಯುತ್ತದೆ. ‘ಡೆಸಿ’ ಎಂಬ ಈ ಉಪಕರಣ 2024ರ ಏಪ್ರಿಲ್‌ನಲ್ಲಿ ಒಮ್ಮೆ ತನ್ನ ಲೆಕ್ಕ ಒಪ್ಪಿಸಿತು. 2025ರ ಮಾರ್ಚ್‌ನಲ್ಲಿ, ಸುಮಾರು ಒಂದೂವರೆ ಕೋಟಿ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳನ್ನು (ಅತಿ ದೂರದಲ್ಲಿ ಪ್ರಖರವಾಗಿ ಬೆಳಗುವ ಗೆಲಾಕ್ಸಿ ಕೇಂದ್ರಗಳು) ಅಳೆದ ಮೇಲೆ, ಇನ್ನೊಮ್ಮೆ ಒಪ್ಪಿಸಿತು. ಎರಡು ಸಲವೂ ಸಿಕ್ಕಿದ್ದು ಒಂದೇ ಸುಳಿವು: ವಿಶ್ವವನ್ನು ದಿನೇದಿನೇ ಜೋರಾಗಿ ಹಿಗ್ಗಿಸುತ್ತಿರುವ ಡಾರ್ಕ್ ಎನರ್ಜಿ ಕಾಲ ಕಳೆದಂತೆ ಬದಲಾಗುತ್ತಿರಬಹುದು.

ಇದು ಸುಳಿವು ಮಾತ್ರ. ‘ಕಂಡುಹಿಡಿದೆವು’ ಎಂದು ಸಾರಲು ಭೌತವಿಜ್ಞಾನಿಗಳು ಐದು ಸಿಗ್ಮಾ ಎಂಬ ಖಚಿತತೆಯ ಮಟ್ಟ ಇಟ್ಟುಕೊಂಡಿದ್ದಾರೆ. 2025ರ ಲೆಕ್ಕದಲ್ಲಿ ಡೆಸಿಯ ಸುಳಿವು, ಜೊತೆಗೆ ಸೂಪರ್‌ನೋವಾಗಳ (ಸಿಡಿದು ಬೆಳಗುವ ನಕ್ಷತ್ರಗಳ) ಯಾವ ಪಟ್ಟಿಯನ್ನು ಸೇರಿಸಿಕೊಳ್ಳುತ್ತೀರಿ ಎಂಬುದರ ಮೇಲೆ, 2.8ರಿಂದ 4.2 ಸಿಗ್ಮಾ ನಡುವೆ ಓಲಾಡಿತು. ಆದರೂ ಸುದ್ದಿ ಓದಿದವರ ತಲೆಯಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸ್ಥಿರಾಂಕ ಎಂದು ಪಾಠಪುಸ್ತಕದಲ್ಲಿ ಬರೆದದ್ದೇ ಬದಲಾಗುವುದಾದರೆ ಉಳಿದ ನಿಯಮಗಳ ಗತಿಯೇನು? ಅವು ಬೇರೆ ರೀತಿ ಇರಲು ಸಾಧ್ಯವಿತ್ತೇ? ಬೇರೆಲ್ಲೋ ಬೇರೆ ರೀತಿ ಇವೆಯೇ? ವಿಶ್ವದ ಹುಟ್ಟು, ಬೆಳವಣಿಗೆಗಳನ್ನು ಅಧ್ಯಯನ ಮಾಡುವ ವಿಶ್ವವಿಜ್ಞಾನ, ಇರಬಹುದಾದ ಎಲ್ಲ ನಿಯಮಗಳಿಗೂ ಲೆಕ್ಕ ಕೊಡಬಲ್ಲದೇ?

ಉತ್ತರ ಅರ್ಧ ಹೌದು. ಇನ್ನರ್ಧ ‘ಎಲ್ಲ’ ಎಂಬ ಪದದ ಹತ್ತಿರ ಬಂದು ಸಿಕ್ಕಿಹಾಕಿಕೊಳ್ಳುತ್ತದೆ.

## ನಿಯಮ ಎಂದರೆ ಯಾವುದು?

ಚದುರಂಗದ ಆಟ ನೋಡಿ. ಆನೆ ನೇರವಾಗಿ ನಡೆಯಬೇಕು, ಕುದುರೆ ಎರಡೂವರೆ ಮನೆ ಹಾರಬೇಕು. ಇದು ನಿಯಮ. ಆಟ ಶುರುವಾಗುವಾಗ ಯಾವ ಕಾಯಿ ಎಲ್ಲಿರಬೇಕು ಎಂಬುದು ಆರಂಭ ಸ್ಥಿತಿ. ಹಲಗೆಯಲ್ಲಿ 64 ಮನೆ ಇರಬೇಕು ಎಂಬುದು ಒಂದು ಸಂಖ್ಯೆ. 100 ಮನೆ ಇಟ್ಟೂ ಇದೇ ನಡೆಗಳಿಂದ ಆಡಬಹುದು, ಆಟ ಮಾತ್ರ ಬೇರೆಯಾದೀತು.

ಭೌತವಿಜ್ಞಾನದಲ್ಲೂ ಈ ಮೂರು ಬೇರೆಬೇರೆ. ಎರಡು ವಸ್ತುಗಳ ನಡುವಿನ ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂಬುದು ನಿಯಮ. ಆ ಬಲ ಒಟ್ಟಾರೆ ಎಷ್ಟು ಎಂದು ಹೇಳುವುದು ಸ್ಥಿರಾಂಕ. ವಸ್ತುಗಳು ಮೊದಲು ಎಲ್ಲಿದ್ದವು ಎಂಬುದು ಆರಂಭ ಸ್ಥಿತಿ. ಎಲೆಕ್ಟ್ರಾನ್, ಕ್ವಾರ್ಕ್ ಮುಂತಾದ ಮೂಲಕಣಗಳನ್ನು ವಿವರಿಸುವ ಸಿದ್ಧಾಂತಕ್ಕೆ ಸ್ಟ್ಯಾಂಡರ್ಡ್ ಮಾಡೆಲ್ ಎಂದು ಹೆಸರು. ಅದರಲ್ಲಿ ನ್ಯೂಟ್ರಿನೊಗಳ ದ್ರವ್ಯರಾಶಿಯನ್ನು ಬಿಟ್ಟರೆ 19 ಸಂಖ್ಯೆಗಳು, ಸೇರಿಸಿದರೆ ಸುಮಾರು 26 ಸಂಖ್ಯೆಗಳು ‘ಹೀಗಿವೆ, ಅಷ್ಟೇ’ ಎಂದು ಕೂತಿವೆ. ಸಿದ್ಧಾಂತ ಅವುಗಳನ್ನು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಅಳೆದು ತಂದು ಸೂತ್ರಕ್ಕೆ ತುಂಬಬೇಕು.

ಇವುಗಳಲ್ಲಿ ಕೆಲವನ್ನು ತುಸು ಅಲುಗಿಸಿದರೂ ವಿಶ್ವದ ಚಹರೆ ಬದಲಾಗುತ್ತದೆ. ನ್ಯೂಟ್ರಾನಿನ ತೂಕ ಪ್ರೋಟಾನಿಗಿಂತ ಸುಮಾರು ಶೇ. 0.14ರಷ್ಟು ಹೆಚ್ಚು. ಅದಲುಬದಲಾಗಿ ಪ್ರೋಟಾನೇ ಅಷ್ಟು ಭಾರ ಇದ್ದಿದ್ದರೆ ಪ್ರೋಟಾನುಗಳು ನ್ಯೂಟ್ರಾನುಗಳಾಗಿ ಕರಗುತ್ತಿದ್ದವು, ಹೈಡ್ರೊಜನ್ ಉಳಿಯುತ್ತಿರಲಿಲ್ಲ. ಹೈಡ್ರೊಜನ್ ಇಲ್ಲದೆ ನೀರಿಲ್ಲ, ಸೂರ್ಯನಂತೆ ನಿಧಾನವಾಗಿ ಉರಿಯುವ ನಕ್ಷತ್ರವೂ ಇಲ್ಲ. ಸಾವಿರದಲ್ಲಿ ಒಂದೂವರೆ ಪಾಲಿನಷ್ಟು ವ್ಯತ್ಯಾಸದ ಮೇಲೆ ಇಷ್ಟೆಲ್ಲ ನಿಂತಿದೆ.

ಸ್ಥಿರಾಂಕಗಳು ಹೀಗೇ ಏಕೆ ಎಂಬ ಪ್ರಶ್ನೆ ಬೇರೆ, ನಿಯಮದ ರೂಪವೇ ಹೀಗೇಕೆ ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ವಿಶ್ವವಿಜ್ಞಾನದ ಬಳಿ ಹೇಳಲು ಸಾಕಷ್ಟಿದೆ. ಎರಡನೆಯದಕ್ಕೆ ಕಡಿಮೆ. ಜನಪ್ರಿಯ ಬರಹಗಳಲ್ಲಿ ಎರಡೂ ಕಲಸಿಹೋಗುವುದರಿಂದಲೇ ಗೊಂದಲ ಹೆಚ್ಚು.

## ಕೆಪ್ಲರನಿಗೆ ಆದ ಮೋಸ

ಖಗೋಳವಿಜ್ಞಾನಿ ಯೋಹಾನ್ಸ್ ಕೆಪ್ಲರನ ಕಾಲದಲ್ಲಿ ಗೊತ್ತಿದ್ದ ಗ್ರಹಗಳು ಆರು: ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ. ಆರೇ ಏಕೆ? ಸೂರ್ಯನಿಂದ ಇಷ್ಟಿಷ್ಟೇ ದೂರ ಏಕೆ? 1596ರಲ್ಲಿ ಅವನು ಪ್ರಕಟಿಸಿದ ಉತ್ತರ ಇಂದಿಗೂ ನೋಡಲು ಚೆಂದ. ಎಲ್ಲ ಮುಖ, ಅಂಚು, ಮೂಲೆಗಳೂ ಒಂದೇ ತೆರನಾಗಿರುವ ಘನಾಕೃತಿಗಳು ಜ್ಯಾಮಿತಿಯಲ್ಲಿ ಐದೇ ಐದು. ಆರನೆಯದು ಸಾಧ್ಯವೇ ಇಲ್ಲ. ಐದು ಆಕೃತಿ ಎಂದರೆ ಆರು ಗೋಳಗಳ ನಡುವಿನ ಐದು ಸಂದು! ಶನಿಯ ಗೋಳದೊಳಗೆ ಒಂದು ಘನ ಇಡಿ, ಅದರೊಳಗೆ ಸರಿಯಾಗಿ ಕೂರುವ ಗೋಳ ಗುರುವಿನದು. ಅದರೊಳಗೆ ನಾಲ್ಕು ಮುಖದ ಆಕೃತಿ, ಅದರೊಳಗೆ ಮಂಗಳದ ಗೋಳ. ಹೀಗೆ ಡಬ್ಬಿಯೊಳಗೆ ಡಬ್ಬಿ ಇಡುತ್ತ ಹೋದರೆ ಗ್ರಹಗಳ ದೂರ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತಿತ್ತು.

ಅವನ ಉತ್ತರ ಮಾತ್ರವಲ್ಲ, ಪ್ರಶ್ನೆಯೇ ತಪ್ಪು ಎಂದು ಆಮೇಲೆ ಗೊತ್ತಾಯಿತು. 1687ರಲ್ಲಿ ನ್ಯೂಟನ್ ಕೊಟ್ಟ ಗುರುತ್ವ ನಿಯಮಕ್ಕೆ ಗ್ರಹ ಎಷ್ಟಿದ್ದರೂ ಒಂದೇ, ಎಷ್ಟು ದೂರ ಇದ್ದರೂ ಒಂದೇ. 1781ರಲ್ಲಿ ಏಳನೆಯ ಗ್ರಹ ಯುರೇನಸ್ ಸಿಕ್ಕಿತು. ಇಂದು ಬೇರೆ ನಕ್ಷತ್ರಗಳ ಸುತ್ತ 5000ಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ, ಒಂದೊಂದರ ಸಂಸಾರ ಒಂದೊಂದು ಥರ. ಭೂಮಿ ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದಕ್ಕೆ ಆಳವಾದ ಸೂತ್ರವೇನೂ ಇಲ್ಲ. ಧೂಳಿನ ತಟ್ಟೆಯೊಂದು ಹೇಗೋ ಗಟ್ಟಿಯಾಗುವಾಗ ಹಾಗಾಯಿತು. ನಾವು ಇಲ್ಲೇ ಇರುವುದಕ್ಕೆ ಮಾತ್ರ ಕಾರಣವಿದೆ: ನೀರು ದ್ರವವಾಗಿ ಉಳಿಯುವ ದೂರ ಇದು.

ಕೆಪ್ಲರ್ ನಿಯಮ ಎಂದುಕೊಂಡದ್ದು ಇತಿಹಾಸವಾಗಿತ್ತು. ಇಂದು ನಾವು ನಿಯಮ ಎನ್ನುತ್ತಿರುವುದರಲ್ಲಿ ಎಷ್ಟು ಪಾಲು ಹಾಗೆಯೇ? ಈ ಲೇಖನದ ಪ್ರಶ್ನೆಯನ್ನು ಹೀಗೂ ಕೇಳಬಹುದು.

## ಸ್ಥಿರಾಂಕಗಳು ನಿಜಕ್ಕೂ ಸ್ಥಿರವೇ?

ಈ ಅನುಮಾನಕ್ಕೆ ವಯಸ್ಸಾಗಿದೆ. ಗುರುತ್ವ ಬಲ ಕಾಲ ಕಳೆದಂತೆ ಕ್ಷೀಣಿಸುತ್ತಿರಬಹುದು ಎಂದು 1937ರಲ್ಲೇ ಭೌತವಿಜ್ಞಾನಿ ಪಾಲ್ ಡಿರಾಕ್ ಊಹಿಸಿದ್ದರು. 1969ರಲ್ಲಿ ಚಂದ್ರನ ಮೇಲೆ ಗಗನಯಾತ್ರಿಗಳು ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ ಚಂದ್ರನ ದೂರವನ್ನು ದಶಕಗಳ ಕಾಲ ಅಳೆದದ್ದರಿಂದ ಈಗ ತಿಳಿದಿದೆ: ಗುರುತ್ವ ಸ್ಥಿರಾಂಕ ವರ್ಷಕ್ಕೆ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟೂ ಬದಲಾಗುತ್ತಿಲ್ಲ.

ಇದಕ್ಕಿಂತ ಸೊಗಸಾದ ಪುರಾವೆ ಆಫ್ರಿಕಾದ ನೆಲದೊಳಗೆ ಸಿಕ್ಕಿತು. 1972ರಲ್ಲಿ ಫ್ರಾನ್ಸಿನ ಯುರೇನಿಯಂ ಸಂಸ್ಕರಣಾ ಘಟಕವೊಂದರಲ್ಲಿ ಮಾಮೂಲು ತಪಾಸಣೆ ನಡೆದಿತ್ತು. ಯುರೇನಿಯಂ ಅದಿರಿನಲ್ಲಿ ಯುರೇನಿಯಂ-235 ಎಂಬ ಬಗೆಯ ಪಾಲು ಶೇ. 0.720 ಇರಬೇಕು. ಗ್ಯಾಬೊನ್ ದೇಶದ ಓಕ್ಲೊ ಗಣಿಯಿಂದ ಬಂದ ಮಾದರಿಯಲ್ಲಿ 0.717 ಇತ್ತು. ದಶಮಾಂಶದ ಮೂರನೆಯ ಸ್ಥಾನದಲ್ಲಿ ಮೂರು ಕಡಿಮೆ. ಕಣ್ತಪ್ಪು ಎಂದು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಏಕೆಂದರೆ ಯುರೇನಿಯಂ-235 ಬಾಂಬಿಗೂ ಆಗುವ ಸರಕು, ಅದರ ಲೆಕ್ಕ ಗ್ರಾಂ ಗ್ರಾಂ ಒಪ್ಪಿಸಬೇಕು. ಹುಡುಕುತ್ತ ಹೋದಾಗ ಹೊರಬಿದ್ದ ಸಂಗತಿ: ಸುಮಾರು 200 ಕೋಟಿ ವರ್ಷಗಳ ಹಿಂದೆ ಆ ಅದಿರು ತಾನಾಗಿಯೇ ಪರಮಾಣು ರಿಯಾಕ್ಟರ್ ಆಗಿ ಉರಿದಿತ್ತು. ಆಗ ಯುರೇನಿಯಂ-235ರ ಪಾಲು ಹೆಚ್ಚಿತ್ತು. ಬಂಡೆಯೊಳಗೆ ಇಳಿದ ನೀರು ನ್ಯೂಟ್ರಾನುಗಳ ವೇಗ ತಗ್ಗಿಸಿ ಸರಪಳಿ ಕ್ರಿಯೆ ಹೊತ್ತಿಸಿತು. ಅದು ಲಕ್ಷಾಂತರ ವರ್ಷ ಆರುತ್ತ ಹೊತ್ತುತ್ತ ನಡೆದಿತ್ತು.

ಭೌತವಿಜ್ಞಾನಿಗಳಿಗೆ ಬೇಕಿದ್ದದ್ದು ಆ ಒಲೆಯ ಬೂದಿ. ಅದರಲ್ಲಿ ಸಮೇರಿಯಂ-149 ಎಂಬ ಧಾತುರೂಪ ತೀರಾ ಕಡಿಮೆ ಉಳಿದಿತ್ತು. ಈ ಸಮೇರಿಯಂ ಒಂದು ನಿರ್ದಿಷ್ಟ ಶಕ್ತಿಯ ನ್ಯೂಟ್ರಾನುಗಳನ್ನು ಮಾತ್ರ ಆಸೆಬುರುಕನಂತೆ ನುಂಗುತ್ತದೆ, ನುಂಗಿ ಬೇರೆ ರೂಪಕ್ಕೆ ಬದಲಾಗುತ್ತದೆ. ಆ ಶಕ್ತಿ ಎಷ್ಟು ಎಂಬುದು ವಿದ್ಯುತ್ಕಾಂತೀಯ ಬಲ ಮತ್ತು ಪರಮಾಣು ಬೀಜದ ಬಲಗಳ ತೀರಾ ಸೂಕ್ಷ್ಮ ಹೊಂದಾಣಿಕೆಯಿಂದ ಬರುತ್ತದೆ. ಬಲಗಳು ಆಗ ತುಸು ಬೇರೆ ಇದ್ದಿದ್ದರೆ ಸಮೇರಿಯಂ ಅಷ್ಟು ನುಂಗುತ್ತಿರಲಿಲ್ಲ, ಬೂದಿಯಲ್ಲಿ ಹೆಚ್ಚು ಉಳಿಯುತ್ತಿತ್ತು. ಅಲೆಕ್ಸಾಂಡರ್ ಶ್ಲ್ಯಾಖ್ಟರ್ 1976ರಲ್ಲಿ ತೋರಿಸಿದ ಈ ದಾರಿಯಲ್ಲಿ ನಂತರದವರು ಮಾಡಿದ ಲೆಕ್ಕದಂತೆ, ವಿದ್ಯುತ್ಕಾಂತೀಯ ಬಲದ ಅಳತೆಗೋಲಾದ 1/137 ಎಂಬ ಸಂಖ್ಯೆ ಈ 200 ಕೋಟಿ ವರ್ಷಗಳಲ್ಲಿ ಸರಿಸುಮಾರು ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ಬದಲಾಗಿಲ್ಲ.

ದೂರದಲ್ಲೂ ಇದೇ ಕಥೆ. ನಾವು ಇಂದು ನೋಡುವ ಒಂದು ಗೆಲಾಕ್ಸಿಯ ಮೆಥನಾಲ್ ಅಣುಗಳು 700 ಕೋಟಿ ವರ್ಷಗಳ ಹಿಂದೆ ರೇಡಿಯೊ ಅಲೆಗಳಲ್ಲಿ ತಮ್ಮ ಗುರುತು ಬಿಟ್ಟಿವೆ. ಅದನ್ನು ಪರೀಕ್ಷಿಸಿದಾಗ, ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ ಎಂಬ ಅನುಪಾತ ಆಗಲೂ ಹಾಗೇ ಇತ್ತು ಎಂದು ಕಂಡುಬಂತು. ವ್ಯತ್ಯಾಸ ಇದ್ದರೂ ಅದು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನೊಳಗೆ.

ನಾವು ನೋಡಬಲ್ಲ ವಿಶ್ವದಲ್ಲಿ, ನಾವು ಪರೀಕ್ಷಿಸಿರುವ ಮಟ್ಟಿಗೆ, ಒಂದೇ ಕಾನೂನು ನಡೆಯುತ್ತಿದೆ. ಹಾಗಿದ್ದ ಮೇಲೆ ಬೇರೆ ನಿಯಮಗಳ ಮಾತು ಬಂದದ್ದಾದರೂ ಎಲ್ಲಿಂದ?

## ನಿಯಮ ಹೆಪ್ಪುಗಟ್ಟುವುದು

ಬಂದದ್ದು ವಿಶ್ವದ ಮೊದಲ ಕ್ಷಣಗಳಿಂದ. ನೀರು ಎಲ್ಲ ದಿಕ್ಕಿನಲ್ಲೂ ಒಂದೇ ಥರ. ಅದರೊಳಗೆ ಎಡ, ಬಲ ಎಂಬ ಭೇದವಿಲ್ಲ. ತಣಿದು ಮಂಜುಗಡ್ಡೆಯಾದಾಗ ಅದರ ಹರಳುಗಳಿಗೆ ಒಂದು ದಿಕ್ಕು ಬರುತ್ತದೆ. ಈ ಮೂಲೆಯ ಹರಳು ಒಂದು ಕಡೆ ಮುಖ ಮಾಡಿದರೆ ಆ ಮೂಲೆಯದು ಇನ್ನೊಂದು ಕಡೆ. ಹರಳಿನೊಳಗೇ ಹುಟ್ಟಿ ಬೆಳೆದ ಒಂದು ಜೀವಿಯಿದ್ದರೆ, ‘ಈ ದಿಕ್ಕಿನಲ್ಲಿ ನಡೆಯುವುದು ಸುಲಭ, ಆ ದಿಕ್ಕಿನಲ್ಲಿ ಕಷ್ಟ’ ಎಂಬುದನ್ನು ನಿಸರ್ಗ ನಿಯಮವೆಂದೇ ಅದು ಬರೆದಿಡುತ್ತಿತ್ತು. ನೀರಿನ ನಿಯಮದಲ್ಲಿ ಅಂಥದ್ದೇನೂ ಇಲ್ಲ.

ನಮ್ಮ ವಿಶ್ವದಲ್ಲಿ ಇಂಥದ್ದು ಒಮ್ಮೆಯಾದರೂ ನಡೆದಿದೆ. ಬೆಳಕು, ವಿದ್ಯುತ್ತುಗಳಿಗೆ ಕಾರಣವಾದ ವಿದ್ಯುತ್ಕಾಂತೀಯ ಬಲ ಮತ್ತು ಕೆಲವು ಬಗೆಯ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲ ಇಂದು ನೆಂಟಸ್ತನವೇ ಇಲ್ಲದವುಗಳಂತೆ ಕಾಣುತ್ತವೆ. ಮಹಾಸ್ಫೋಟದ ನಂತರ ಸೆಕೆಂಡಿನ ಲಕ್ಷಕೋಟಿಯ ಒಂದು ಪಾಲು ಕಳೆಯುವ ಹೊತ್ತಿನವರೆಗೂ ಅವು ಒಂದೇ ಮನೆಯವು. ವಿಶ್ವ ತಣಿದಂತೆ, ಎಲ್ಲೆಡೆ ಹರಡಿರುವ ಹಿಗ್ಸ್ ಕ್ಷೇತ್ರ ಒಂದು ಬೆಲೆಯಲ್ಲಿ ಹೆಪ್ಪುಗಟ್ಟಿತು, ಬಲಗಳು ಪಾಲಾದವು. 2012ರ ಜುಲೈ 4ರಂದು ಸರ್ನ್ ಪ್ರಯೋಗಾಲಯ ಹಿಗ್ಸ್ ಕಣ ಸಿಕ್ಕಿದ್ದನ್ನು ಪ್ರಕಟಿಸಿದಾಗ ಈ ಕಥೆಗೆ ಸಾಕ್ಷಿ ಸಿಕ್ಕಿತು. ಎಲೆಕ್ಟ್ರಾನಿನ ತೂಕ, ಇಂದಿನ ಬಲಗಳ ಚಹರೆ ಇವೆಲ್ಲ ಭಾಗಶಃ ಆ ಹೆಪ್ಪುಗಟ್ಟುವಿಕೆಯ ಫಲ.

ಕಾನೂನಿನ ಭಾಷೆಯಲ್ಲಿ ಹೇಳುವುದಾದರೆ, ನಾವು ಸಂವಿಧಾನ ಎಂದುಕೊಂಡದ್ದರಲ್ಲಿ ಕೆಲವು ಬರೀ ಬೈಲಾಗಳು. ವಿಶ್ವವಿಜ್ಞಾನ ಬೈಲಾಗಳ ಇತಿಹಾಸ ಬರೆಯಬಲ್ಲದು. ಅರ್ಧ ಹೌದು ಎಂದದ್ದು ಇದಕ್ಕೇ.

## ಬಹುವಿಶ್ವ

1980ರ ಹೊತ್ತಿಗೆ ಆಲನ್ ಗೂಥ್ ಒಂದು ಕಲ್ಪನೆ ಮುಂದಿಟ್ಟರು. ವಿಶ್ವ ತನ್ನ ಮೊದಲ ಕ್ಷಣದ ಒಂದು ಅತಿಸಣ್ಣ ಪಾಲಿನಲ್ಲಿ ಮತ್ತೆ ಮತ್ತೆ ಇಮ್ಮಡಿಯಾಗುತ್ತ ಉಬ್ಬಿತು ಎಂಬುದು ಅದರ ಸಾರ. ಇಂಗ್ಲಿಷಿನಲ್ಲಿ ಇದಕ್ಕೆ ಇನ್‌ಫ್ಲೇಶನ್ ಎಂದೇ ಹೆಸರು. ಹಣದುಬ್ಬರಕ್ಕೂ ಅದೇ ಪದ. ನಾವು ಉಬ್ಬರ ಎನ್ನೋಣ. ವಿಶ್ವದ ಎದುರುಬದುರು ಮೂಲೆಗಳ ತಾಪಮಾನ ಏಕೆ ಅಷ್ಟೊಂದು ಸಮ ಎಂಬಂಥ ಪ್ರಶ್ನೆಗಳಿಗೆ ಇದು ಉತ್ತರವಾಯಿತು. ಉಬ್ಬರ ಒಮ್ಮೆ ಶುರುವಾದರೆ ಎಲ್ಲ ಕಡೆ ಒಟ್ಟಿಗೆ ನಿಲ್ಲುವುದು ಕಷ್ಟ ಎಂದು ಅಲೆಕ್ಸಾಂಡರ್ ವಿಲೆಂಕಿನ್, ಆಂಡ್ರೇ ಲಿಂಡೆ ಆಮೇಲೆ ತೋರಿಸಿದರು. ಇಲ್ಲಿ ನಿಂತರೆ ಅಲ್ಲಿ ಮುಂದುವರಿಯುತ್ತದೆ. ನಿಂತ ಒಂದೊಂದು ಜಾಗವೂ ಒಂದು ಗುಳ್ಳೆ. ಅಂಥ ಒಂದು ಗುಳ್ಳೆಯ ಒಳಗೆ ನಾವು. ಗುಳ್ಳೆಗಳ ನಡುವಿನ ಜಾಗ ಬೆಳಕಿಗಿಂತ ಬೇಗ ಹಿಗ್ಗುವುದರಿಂದ ಒಂದರ ಸುದ್ದಿ ಇನ್ನೊಂದಕ್ಕೆ ಸಾಮಾನ್ಯವಾಗಿ ತಲುಪದು.

ಮೂಲಕಣಗಳೆಲ್ಲ ಕಂಪಿಸುವ ಅತಿಸಣ್ಣ ತಂತಿಗಳು ಎನ್ನುವ ಸ್ಟ್ರಿಂಗ್ ಸಿದ್ಧಾಂತ ಇದಕ್ಕೆ ಇನ್ನೊಂದು ಎಳೆ ಜೋಡಿಸಿತು. ಆ ಸಿದ್ಧಾಂತಕ್ಕೆ ನಾವು ಕಾಣುವ ಮೂರು ಆಯಾಮಗಳಲ್ಲದೆ ಮಡಿಸಿಟ್ಟ ಆರು ಆಯಾಮಗಳೂ ಬೇಕು. ಕಾಗದವನ್ನು ಬೇರೆಬೇರೆ ಥರ ಮಡಿಸಿದರೆ ಬೇರೆಬೇರೆ ಬೊಂಬೆ ಆಗುವಂತೆ, ಆಯಾಮಗಳನ್ನು ಮಡಿಸುವ ರೀತಿ ಬದಲಾದರೆ ಕಣಗಳೂ ಬಲಗಳೂ ಸ್ಥಿರಾಂಕಗಳೂ ಬದಲಾಗುತ್ತವೆ. ಎಷ್ಟು ಥರ ಮಡಿಸಬಹುದು? ಹೆಚ್ಚಾಗಿ ಕೇಳಿಬರುವ ಅಂದಾಜು, 1ರ ಮುಂದೆ 500 ಸೊನ್ನೆ. ಲಿಯೊನಾರ್ಡ್ ಸಸ್ಕಿಂಡ್ 2003ರಲ್ಲಿ ಇದನ್ನು ಬೆಟ್ಟ ಕಣಿವೆಗಳ ಭೂದೃಶ್ಯಕ್ಕೆ ಹೋಲಿಸಿದರು. ಒಂದೊಂದು ಕಣಿವೆಯೂ ಒಂದು ಬಗೆಯ ಭೌತವಿಜ್ಞಾನ.

ಎರಡನ್ನೂ ಸೇರಿಸಿ. ಉಬ್ಬರ ಗುಳ್ಳೆಗಳನ್ನು ಹುಟ್ಟಿಸುತ್ತ ಹೋಗುತ್ತದೆ, ಗುಳ್ಳೆಗೊಂದು ಕಣಿವೆ ಸಿಗುತ್ತದೆ, ಎಲ್ಲ ಬಗೆಯ ಬೈಲಾಗಳೂ ಎಲ್ಲೋ ಒಂದು ಕಡೆ ಜಾರಿಯಲ್ಲಿರುತ್ತವೆ. ಬಹುವಿಶ್ವ ಎನ್ನುವುದು ಈ ಚಿತ್ರಕ್ಕೆ. ಕೂಡಲೇ ಒಂದು ಎಚ್ಚರಿಕೆ: ಉಬ್ಬರಕ್ಕೆ ಪರೋಕ್ಷ ಪುರಾವೆಗಳಿವೆ, ಸ್ಟ್ರಿಂಗ್ ಸಿದ್ಧಾಂತಕ್ಕೆ ಪ್ರಯೋಗದ ಪುರಾವೆ ಒಂದೂ ಇಲ್ಲ.

## ವೈನ್‌ಬರ್ಗ್ ಹಾಕಿದ ಲೆಕ್ಕ

ಇಂಥ ಚಿತ್ರದಿಂದ ಏನಾದರೂ ಉಪಯೋಗ ಉಂಟೇ? ಒಮ್ಮೆ ಆಗಿದೆ ಎಂದು ವಾದಿಸಬಹುದು.

ಖಾಲಿ ಜಾಗಕ್ಕೂ ಕ್ವಾಂಟಮ್ ಸಿದ್ಧಾಂತದ ಪ್ರಕಾರ ಶಕ್ತಿ ಇರಬೇಕು. ಎಷ್ಟು ಎಂದು ಸರಳವಾಗಿ ಲೆಕ್ಕ ಹಾಕಿದರೆ ಬರುವ ಉತ್ತರ, ಆಕಾಶದಲ್ಲಿ ಕಾಣುವುದಕ್ಕಿಂತ 1ರ ಮುಂದೆ 120 ಸೊನ್ನೆ ಇಟ್ಟಷ್ಟು ಪಟ್ಟು ಹೆಚ್ಚು. ಇಷ್ಟು ದೊಡ್ಡ ಎಡವಟ್ಟು ವಿಜ್ಞಾನದಲ್ಲಿ ಇನ್ನೊಂದಿಲ್ಲ ಎನ್ನುವುದುಂಟು. ಯಾವುದೋ ಗೊತ್ತಿಲ್ಲದ ಕಾರಣಕ್ಕೆ ಅದು ಪೂರ್ತಿ ಸೊನ್ನೆ ಆಗಿರಬೇಕು ಎಂದು ಬಹುತೇಕರು ನಂಬಿದ್ದರು.

ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಬೇರೆ ಕಡೆಯಿಂದ ಬಂದರು. ಈ ಶಕ್ತಿ ಹೆಚ್ಚಿದ್ದರೆ ವಿಶ್ವ ಎಷ್ಟು ರಭಸದಿಂದ ಹಿಗ್ಗುತ್ತದೆಂದರೆ ಅನಿಲ ಒಟ್ಟುಗೂಡಿ ಗೆಲಾಕ್ಸಿಯಾಗಲು ಪುರುಸೊತ್ತೇ ಸಿಗದು. ಗೆಲಾಕ್ಸಿ ಇಲ್ಲದ ಕಡೆ ನಕ್ಷತ್ರವಿಲ್ಲ, ಪ್ರಶ್ನೆ ಕೇಳುವವರೂ ಇಲ್ಲ. ಹಾಗಾಗಿ ಪ್ರಶ್ನೆ ಕೇಳುವವರು ಕಾಣುವ ಬೆಲೆಗೆ ಒಂದು ಮೇಲ್ಮಿತಿ ಇದೆ. ಬೇರೆಬೇರೆ ಕಡೆ ಬೇರೆಬೇರೆ ಬೆಲೆ ಇರುವುದಾದರೆ, ನಮ್ಮದು ಸೊನ್ನೆಯೇ ಆಗಿರಬೇಕಾದ ಅಗತ್ಯವಿಲ್ಲ. ಆ ಮಿತಿಗಿಂತ ವಿಪರೀತ ಕಡಿಮೆ ಇರಲೂ ಕಾರಣವಿಲ್ಲ. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳನ್ನು ಅಳೆದು ವಿಶ್ವದ ಹಿಗ್ಗುವಿಕೆ ಚುರುಕಾಗುತ್ತಿದೆ ಎಂದು ಕಂಡುಕೊಂಡವು. ಹಾಗೆ ಹಿಗ್ಗಿಸುವುದಕ್ಕೇ ಡಾರ್ಕ್ ಎನರ್ಜಿ ಎಂದು ಹೆಸರು. ಅದು ಖಾಲಿ ಜಾಗದ ಶಕ್ತಿಯೇ ಎಂದುಕೊಂಡರೆ, ಸೊನ್ನೆಯಲ್ಲದ, ಮಿತಿಯೊಳಗಿನ ಒಂದು ಬೆಲೆ ಸಿಕ್ಕಿತು. ಆ ಕೆಲಸಕ್ಕೆ 2011ರ ನೊಬೆಲ್ ಬಂತು.

ಹೀಗೆ ‘ನಾವು ಇರಬಲ್ಲ ಜಾಗದಲ್ಲೇ ನಾವಿದ್ದೇವೆ’ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವ ರೀತಿಗೆ ಆಂಥ್ರಾಪಿಕ್ ತತ್ತ್ವ ಎಂದು ಹೆಸರು. 1970ರ ದಶಕದಲ್ಲಿ ಬ್ರ್ಯಾಂಡನ್ ಕಾರ್ಟರ್ ಇಟ್ಟದ್ದು. ಇದು ಸೋಮಾರಿತನ ಎಂದು ಬೈಯುವ ಭೌತವಿಜ್ಞಾನಿಗಳೂ ಬಹಳ. ವೈನ್‌ಬರ್ಗರದು ಸೋಮಾರಿಯ ಲೆಕ್ಕವಂತೂ ಅಲ್ಲ. ತಪ್ಪಾಗಬಹುದಾದ ಒಂದು ಸಂಖ್ಯೆಯನ್ನು ಹನ್ನೊಂದು ವರ್ಷ ಮೊದಲೇ ಬರೆದಿಟ್ಟಿದ್ದರು.

## ಎಣಿಸಲಾಗದ ಎಣಿಕೆ

ಇಲ್ಲಿಂದ ಮುಂದೆ ದಾರಿ ಕಡಿದು. ‘ಹೆಚ್ಚಿನ ಗುಳ್ಳೆಗಳಲ್ಲಿ ಹೀಗಿರುತ್ತದೆ’ ಎನ್ನಬೇಕಾದರೆ ಗುಳ್ಳೆಗಳನ್ನು ಎಣಿಸಬೇಕು. ಅವು ಅನಂತ.

ಅನಂತದಲ್ಲಿ ‘ಹೆಚ್ಚಿನ’ ಎಂಬ ಮಾತಿನ ಪಾಡು ನೋಡಿ. 1, 2, 3, 4 ಎಂದು ಎಣಿಸುತ್ತ ಹೋದರೆ ಬೆಸ ಸಂಖ್ಯೆಗಳು ಅರ್ಧ, ಸಮ ಸಂಖ್ಯೆಗಳು ಅರ್ಧ. ಈಗ ಅದೇ ಸಂಖ್ಯೆಗಳನ್ನು ಹೀಗೆ ಸಾಲಾಗಿ ನಿಲ್ಲಿಸಿ: 1, 3, 2, 5, 7, 4, 9, 11, 6. ಎರಡು ಬೆಸ, ಒಂದು ಸಮ; ಎರಡು ಬೆಸ, ಒಂದು ಸಮ. ಒಂದು ಸಂಖ್ಯೆಯೂ ಬಿಟ್ಟುಹೋಗುವುದಿಲ್ಲ, ಒಂದೂ ಎರಡು ಸಲ ಬರುವುದಿಲ್ಲ. ಆದರೆ ಈಗ ಬೆಸ ಸಂಖ್ಯೆಗಳು ಮೂರರಲ್ಲಿ ಎರಡು ಪಾಲು! ಸಂಖ್ಯೆಗಳು ಅವೇ, ಸಾಲು ಬೇರೆ, ಉತ್ತರ ಬೇರೆ.

ಗುಳ್ಳೆಗಳನ್ನು ಯಾವ ಸಾಲಿನಲ್ಲಿ ಎಣಿಸಬೇಕು? ಹುಟ್ಟಿದ ಕಾಲದ ಪ್ರಕಾರವೇ, ಗಾತ್ರದ ಪ್ರಕಾರವೇ? ಎಲ್ಲ ಗುಳ್ಳೆಗಳಿಗೂ ಒಪ್ಪುವ ಒಂದೇ ಗಡಿಯಾರ ಇಲ್ಲ ಎಂದು ಸಾಪೇಕ್ಷತಾ ಸಿದ್ಧಾಂತವೇ ಹೇಳುತ್ತದೆ. ವಿಶ್ವವಿಜ್ಞಾನಿಗಳು ಇದನ್ನು ಅಳತೆಯ ಸಮಸ್ಯೆ ಎನ್ನುತ್ತಾರೆ. ಹಲವು ಎಣಿಕೆ ವಿಧಾನಗಳು ಬಂದಿವೆ, ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ. ಕೆಲವು ವಿಧಾನಗಳಲ್ಲಂತೂ, 1380 ಕೋಟಿ ವರ್ಷ ಬದುಕಿದ ವಿಶ್ವದಲ್ಲಿ ವಿಕಾಸವಾಗಿ ಬಂದ ಮಿದುಳುಗಳಿಗಿಂತ ಖಾಲಿ ಜಾಗದಲ್ಲಿ ಆಕಸ್ಮಿಕವಾಗಿ ಕಣಗಳು ಕೂಡಿ ಒಂದು ಕ್ಷಣ ಮೂಡಿ ಮರೆಯಾಗುವ ಮಿದುಳುಗಳೇ ಹೆಚ್ಚು ಎಂಬ ಉತ್ತರ ಬರುತ್ತದೆ. ಇವಕ್ಕೆ ಬೋಲ್ಟ್ಸ್‌ಮನ್ ಮಿದುಳು ಎಂದು ಹೆಸರಿಟ್ಟಿದ್ದಾರೆ. ಅಂಥ ಉತ್ತರ ಬಂದರೆ ತಪ್ಪಿರುವುದು ಎಣಿಕೆಯಲ್ಲಿ ಎಂದು ತಿಳಿಯುವುದು ವಾಡಿಕೆ.

## ‘ಎಲ್ಲ’ ಎಂದರೆ ನಿಜಕ್ಕೂ ಎಲ್ಲವೇ?

ಸ್ಟ್ರಿಂಗ್ ಸಿದ್ಧಾಂತದ ಆ 500 ಸೊನ್ನೆಯ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದು ಎಲ್ಲ ನಿಯಮಗಳ ಪಟ್ಟಿಯಲ್ಲ. ಆ ಎಲ್ಲ ಕಣಿವೆಗಳಲ್ಲೂ ಕ್ವಾಂಟಮ್ ನಿಯಮ ಒಂದೇ, ಗುರುತ್ವದ ರೀತಿ ಒಂದೇ, ಸ್ಟ್ರಿಂಗ್ ಸಿದ್ಧಾಂತವೂ ಒಂದೇ. ಬೈಲಾ ಬದಲಾಗುತ್ತದೆ, ಸಂವಿಧಾನ ಬದಲಾಗುವುದಿಲ್ಲ. ಉಬ್ಬರ ನಡೆಯಬೇಕಾದರೂ ಅದಕ್ಕೊಂದು ನಿಯಮ ಮೊದಲೇ ಇರಬೇಕು. ಆ ನಿಯಮ ಎಲ್ಲಿಂದ ಬಂತು ಎಂದರೆ ಬಹುವಿಶ್ವದ ಬಳಿ ಉತ್ತರವಿಲ್ಲ.

ಈ ಗೋಡೆಯನ್ನು ಹಾರಲು ಮ್ಯಾಕ್ಸ್ ಟೆಗ್‌ಮಾರ್ಕ್ 1998ರಲ್ಲಿ ಒಂದು ಧೈರ್ಯದ ಮಾತು ಮುಂದಿಟ್ಟರು: ಗಣಿತದಲ್ಲಿ ಸಾಧ್ಯವಿರುವ ಪ್ರತಿ ರಚನೆಯೂ ಒಂದು ವಿಶ್ವವಾಗಿ ನಿಜಕ್ಕೂ ಇದೆ. ಯಾವುದನ್ನೂ ಆರಿಸಬೇಕಾಗಿಲ್ಲ, ಆದ್ದರಿಂದ ಆಯ್ಕೆಗೆ ಕಾರಣವನ್ನೂ ಕೊಡಬೇಕಾಗಿಲ್ಲ.

ಕೇಳಲು ಅಚ್ಚುಕಟ್ಟು. ಆದರೆ ಎಲ್ಲವನ್ನೂ ಒಳಗೆ ಬಿಟ್ಟರೆ ಏನಾಗುತ್ತದೆಂದು ಪುಟ್ಟ ಲೆಕ್ಕದಲ್ಲಿ ನೋಡಿ. 2, 4, 6, 8 ಆದಮೇಲೆ ಏನು? 10 ಎನ್ನುತ್ತೇವೆ. ಈಗ ಇನ್ನೊಂದು ನಿಯಮ: ಸ್ಥಾನಸಂಖ್ಯೆಯನ್ನು ಎರಡರಿಂದ ಗುಣಿಸಿ, ಆಮೇಲೆ ಅದೇ ಸ್ಥಾನಸಂಖ್ಯೆಯಿಂದ 1, 2, 3, 4ನ್ನು ಬೇರೆಬೇರೆಯಾಗಿ ಕಳೆದು, ಬಂದ ನಾಲ್ಕನ್ನೂ ಒಂದಕ್ಕೊಂದು ಗುಣಿಸಿ, ಮೊದಲಿನದಕ್ಕೆ ಕೂಡಿಸಿ. ಮೊದಲ ನಾಲ್ಕು ಸ್ಥಾನಗಳಲ್ಲಿ ಆ ನಾಲ್ಕರಲ್ಲಿ ಒಂದು ಸೊನ್ನೆಯಾಗುವುದರಿಂದ 2, 4, 6, 8 ಎಂದೇ ಬರುತ್ತದೆ. ಐದನೆಯ ಸ್ಥಾನದಲ್ಲಿ 10ಕ್ಕೆ 24 ಸೇರಿ 34 ಬರುತ್ತದೆ! 34ರ ಬದಲು ನಿಮಗೆ ಇಷ್ಟವಾದ ಯಾವ ಸಂಖ್ಯೆ ಬರುವಂತೆಯೂ ನಿಯಮ ಬರೆಯಬಹುದು.

ಎಲ್ಲ ನಿಯಮಗಳೂ ಎಲ್ಲೋ ಜಾರಿಯಲ್ಲಿದ್ದರೆ, ಇಂದಿನವರೆಗೆ ನಮ್ಮ ವಿಶ್ವದಂತೆಯೇ ನಡೆದು ನಾಳೆ ಬೆಳಿಗ್ಗೆ ಹಳಿ ತಪ್ಪುವ ವಿಶ್ವಗಳೂ ಇವೆ ಎಂದಾಯಿತು. ನಾವು ಇರುವುದು ಅವುಗಳಲ್ಲಿ ಒಂದರಲ್ಲಿ ಅಲ್ಲ ಎನ್ನಲು ಏನಾಧಾರ? ಸರಳ ನಿಯಮಗಳಿಗೆ ಹೆಚ್ಚು ತೂಕ ಕೊಡಬೇಕು ಎನ್ನಬಹುದು. ಆದರೆ ಹಾಗೆ ತೂಕ ಹಂಚುವ ನಿಯಮ ಹೊರಗಿನಿಂದ ತಂದದ್ದಾಯಿತು, ಅದು ‘ಎಲ್ಲ’ ಎಂಬುದರೊಳಗಿಂದ ಬಂದದ್ದಲ್ಲ. ಗುಳ್ಳೆಗಳ ಎಣಿಕೆಯಲ್ಲಿ ಕಂಡ ತೊಂದರೆಯೇ ಇದು. ಅಲ್ಲಿ ಕನಿಷ್ಠ ಏನನ್ನು ಎಣಿಸಬೇಕೆಂದು ಗೊತ್ತಿತ್ತು.

ಯಾವ ನಿಯಮ ಬೇಕಾದರೂ ಇರಬಹುದು ಎನ್ನುವ ಉತ್ತರ ಯಾವ ಪ್ರಶ್ನೆಗೂ ಹೊಂದುತ್ತದೆ. ಅದಕ್ಕೇ ಅದನ್ನು ವಿವರಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

## ನಿಯಮಗಳೇ ವಿಕಾಸವಾಗಬಹುದೇ?

ಇನ್ನೊಂದು ದಾರಿ ಇದೆ. ನಿಯಮಗಳು ಮೊದಲೇ ಕೆತ್ತಿಟ್ಟವಲ್ಲ, ವಿಶ್ವದ ಜೊತೆಗೇ ರೂಪುಗೊಂಡವು ಎಂಬ ಯೋಚನೆ ಜಾನ್ ವೀಲರ್ ಅವರನ್ನು ಬಹುಕಾಲ ಕಾಡಿತ್ತು. ಲೀ ಸ್ಮೋಲಿನ್ 1990ರ ದಶಕದಲ್ಲಿ ಇದಕ್ಕೊಂದು ಯಂತ್ರ ಕೊಟ್ಟರು: ಒಂದೊಂದು ಕಪ್ಪುಕುಳಿಯೊಳಗೂ ಹೊಸ ವಿಶ್ವ ಹುಟ್ಟುತ್ತದೆ, ಅದರ ಸ್ಥಿರಾಂಕಗಳು ತಾಯಿ ವಿಶ್ವದವಕ್ಕಿಂತ ತುಸು ಬೇರೆ. ಹೆಚ್ಚು ಕಪ್ಪುಕುಳಿ ಮಾಡುವ ವಿಶ್ವಕ್ಕೆ ಹೆಚ್ಚು ಮಕ್ಕಳು. ಜೀವಿಗಳ ವಿಕಾಸದ ಹಾಗೆಯೇ.

ಈ ಕಲ್ಪನೆಯ ಗುಣವೆಂದರೆ ಅದನ್ನು ಹಿಡಿದು ಪರೀಕ್ಷಿಸಬಹುದಿತ್ತು. ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಕುಗ್ಗಿದ ತಿರುಳು) ಒಂದು ಮಿತಿ ಮೀರಿ ತೂಗಬಾರದು, ಮೀರಿದರೆ ಕಪ್ಪುಕುಳಿಯಾಗಬೇಕು ಎಂದು ಅದು ಹೇಳಿತು. 2010ರಲ್ಲಿ ಸೂರ್ಯನ ಸುಮಾರು ಎರಡು ಪಟ್ಟು ತೂಗುವ ನ್ಯೂಟ್ರಾನ್ ನಕ್ಷತ್ರ ಸಿಕ್ಕಿ ಕಲ್ಪನೆ ಇಕ್ಕಟ್ಟಿಗೆ ಬಂತು. ಇಲ್ಲೂ ಹಳೆಯ ಪ್ರಶ್ನೆ ಬಾಗಿಲಲ್ಲೇ ನಿಂತಿದೆ: ಮಗು ವಿಶ್ವದ ಸ್ಥಿರಾಂಕಗಳು ಎಷ್ಟು, ಹೇಗೆ ಬದಲಾಗಬೇಕು ಎಂದು ಹೇಳುವ ನಿಯಮ ಯಾವುದು?

## ಆಕಾಶದಲ್ಲಿ ಹುಡುಕುವುದು ಏನನ್ನು?

ನಮ್ಮ ಗುಳ್ಳೆಗೆ ಎಂದಾದರೂ ಇನ್ನೊಂದು ಗುಳ್ಳೆ ತಾಗಿದ್ದರೆ, ಮಹಾಸ್ಫೋಟದ ಉಳಿಕೆ ಬೆಳಕಿನಲ್ಲಿ ದುಂಡನೆಯ ಕಲೆ ಬಿದ್ದಿರಬೇಕು. ಇಡೀ ಆಕಾಶವನ್ನು ತುಂಬಿರುವ, 2.7 ಕೆಲ್ವಿನ್ ತಾಪಮಾನದ ಆ ಮಂದ ವಿಕಿರಣದ ನಕ್ಷೆಯಲ್ಲಿ ಇಂಥ ಕಲೆಗಳನ್ನು ಹುಡುಕಿದ್ದಾರೆ. ನಂಬುವಂಥದ್ದು ಸಿಕ್ಕಿಲ್ಲ. ಸಿಗದಿದ್ದರೆ ಗುಳ್ಳೆಗಳಿಲ್ಲ ಎಂದೇನೂ ಅಲ್ಲ, ತಾಗಿಲ್ಲ ಎಂದಷ್ಟೇ.

ಡೆಸಿಯ ಸುಳಿವಿಗೆ ಇಷ್ಟು ಗಮನ ಸಿಗುವುದಕ್ಕೂ ಕಾರಣವಿದೆ. ವೈನ್‌ಬರ್ಗರ ಲೆಕ್ಕ ಮತ್ತು ಸಸ್ಕಿಂಡರ ಕಣಿವೆಗಳು, ಎರಡೂ ಡಾರ್ಕ್ ಎನರ್ಜಿ ಬದಲಾಗದ ಒಂದು ಸ್ಥಿರಾಂಕ ಎಂಬ ಚಿತ್ರವನ್ನು ನಂಬಿ ಬೆಳೆದವು. ಕುಮ್ರುನ್ ವಾಫಾ ಮತ್ತು ಸಂಗಡಿಗರು 2018ರಲ್ಲಿ ಇದಕ್ಕೆ ಎದುರಾದ ಒಂದು ಊಹೆ ಮುಂದಿಟ್ಟರು: ಸ್ಟ್ರಿಂಗ್ ಸಿದ್ಧಾಂತದಲ್ಲಿ ಅಂಥ ಗಟ್ಟಿ ಕಣಿವೆಗಳೇ ಇಲ್ಲದಿರಬಹುದು, ನಮ್ಮ ಡಾರ್ಕ್ ಎನರ್ಜಿ ಇಳಿಜಾರಿನಲ್ಲಿ ಮೆಲ್ಲಗೆ ಜಾರುತ್ತಿರಬಹುದು. ಹಾಗಿದ್ದರೆ ಕಣಿವೆಗಳ ಆ ಉದ್ದನೆಯ ಪಟ್ಟಿಗೇ ಸಂಚಕಾರ. ಊಹೆ ಇನ್ನೂ ಊಹೆಯೇ, ಅದನ್ನು ಒಪ್ಪದವರೂ ಇದ್ದಾರೆ.

2023ರ ಜುಲೈನಲ್ಲಿ ಹಾರಿದ ಯುರೋಪಿನ ಯೂಕ್ಲಿಡ್ ಬಾಹ್ಯಾಕಾಶ ಟೆಲಿಸ್ಕೋಪ್ ಇದೇ ಹಿಗ್ಗುವಿಕೆಯನ್ನು ಬೇರೆ ವಿಧಾನಗಳಿಂದ ಅಳೆಯುತ್ತಿದೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ 3200 ಮೆಗಾಪಿಕ್ಸೆಲ್ ಕ್ಯಾಮೆರಾ ತನ್ನ ಮೊದಲ ಚಿತ್ರಗಳನ್ನು 2025ರ ಜೂನ್‌ನಲ್ಲಿ ತೋರಿಸಿತು. ಅದು ಮುಂದೆ ಹೊಸ ಸೂಪರ್‌ನೋವಾಗಳ ಪಟ್ಟಿಯನ್ನು ಕೊಡಲಿದೆ. ಡೆಸಿಯ 2.8 ಮತ್ತು 4.2ರ ನಡುವಿನ ಓಲಾಟಕ್ಕೆ ಕಾರಣ ಹಳೆಯ ಸೂಪರ್‌ನೋವಾ ಪಟ್ಟಿಗಳ ನಡುವಿನ ವ್ಯತ್ಯಾಸವೇ ಆದ್ದರಿಂದ, ಮೊದಲು ಸರಿಯಾಗಬೇಕಾದದ್ದು ಆ ಪಟ್ಟಿ.